ಒಂಬತ್ತು ವರ್ಷದ ನಂತರ, ಬೇರೆ ವಾರ್ಡಿಗೆ

ಮದುವೆ ಮಾತುಕತೆಯ ಹೊತ್ತಿಗೆ ‘ಹುಡುಗಿ ನರ್ಸಿಂಗ್ ಮಾಡ್ಯಾಳ’ ಅನ್ನೋದು ನಮ್ಮ ಕಡೆ ತೂಕದ ಮಾತು. ಮದುವೆಯಾಗಿ ಎರಡು ವರ್ಷ ಕಳೆಯೋದರೊಳಗೆ ಅದು ‘ನರ್ಸಿಂಗ್ ಮಾಡಿದ್ಲು’ ಅಂತ ಆಗಿರುತ್ತೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿರೋ ಮೂರು ಊರು. ಇಲ್ಲಿ ಯಾವ ಓಣಿಗೆ ಹೋದರೂ ಇಂಥವರು ಒಬ್ಬರಾದರೂ ಸಿಗುತ್ತಾರೆ. ಪಕ್ಕದ ಮನೆಯವರ ಬಿ.ಪಿ. ನೋಡುತ್ತಾರೆ, ಡಾಕ್ಟರು ಬರೆದ ಚೀಟಿ ಓದಿ ಹೇಳುತ್ತಾರೆ, ಅಜ್ಜನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಾರೆ. ಸರ್ಟಿಫಿಕೇಟ್ ಮಾತ್ರ ಟ್ರಂಕಿನ ತಳದಲ್ಲಿ.

ನಮ್ಮ ದೊಡ್ಡಪ್ಪನ ಮಗಳು ಅಂಥವರಲ್ಲಿ ಒಬ್ಬಳು. ಹೆಸರು ಬೇಡ ಅಂದಿದ್ದಾಳೆ, ಹಾಗಾಗಿ ಇಲ್ಲಿ ಬರೀ ಅಕ್ಕ. ರಾಯಚೂರಿನಲ್ಲಿ ಜಿ.ಎನ್.ಎಂ. ಮುಗಿಸಿ ಬೆಂಗಳೂರಿನ ಒಂದು ಐ.ಸಿ.ಯು.ನಲ್ಲಿ 4 ವರ್ಷ ದುಡಿದವಳು. 2013ರಲ್ಲಿ ಮದುವೆಯಾಗಿ ಮಸ್ಕಿಗೆ ಬಂದಳು. ಮಾವನದು ಬೀಜ-ಗೊಬ್ಬರದ ಅಂಗಡಿ. ಇಬ್ಬರು ಮಕ್ಕಳಾದರು. ಆಮೇಲೆ ಅವಳ ಅತ್ತೆಗೆ ಲಕ್ವಾ ಹೊಡೆಯಿತು. ಎರಡು ವರ್ಷ ಹಾಸಿಗೆ ಹಿಡಿದಿದ್ದು, ಅವರು ತೀರಿಕೊಂಡ ಮೇಲೆ 2022ರಲ್ಲಿ ಅಕ್ಕ ‘ನಾನು ಮತ್ತ ಡ್ಯೂಟಿಗೆ ಹೋಗ್ತೀನಿ’ ಅಂದಳು. ಲೆಕ್ಕ ಹಾಕಿದರೆ ಒಂಬತ್ತು ವರ್ಷದ ಗ್ಯಾಪ್.

ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಆದರೆ ಯಾವ ಕೆಲಸ ಅನ್ನೋದರ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ, ಅವಳೂ ಸಹ. ಐ.ಸಿ.ಯು. ಬಿಟ್ಟು ಬಂದವಳು ಐ.ಸಿ.ಯು.ಗೇ ಹೋಗಬೇಕು ಅಂತ ಅವಳ ತಲೆಯಲ್ಲಿ ಕೂತಿತ್ತು.

ಮೊದಲು ಕಾಗದ

ಸಾಫ್ಟ್‌ವೇರ್ ಕೆಲಸ ಮಾಡೋರು ಮನೆಯಲ್ಲಿದ್ದರೆ ಎಲ್ಲರ ಆನ್‌ಲೈನ್ ಅರ್ಜಿಯೂ ಅವರ ತಲೆಗೇ. ಹಾಗೆ ಅಕ್ಕನ ರಿಜಿಸ್ಟ್ರೇಷನ್ ನವೀಕರಣದ ಕೆಲಸ ನನ್ನ ಪಾಲಿಗೆ ಬಂತು. ನರ್ಸುಗಳ ನೋಂದಣಿ ನೋಡಿಕೊಳ್ಳೋದು ಬೆಂಗಳೂರಿನಲ್ಲಿರೋ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು. ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಭಾರತೀಯ ಶುಶ್ರೂಷಾ ಪರಿಷತ್ತು ಇಟ್ಟಿರೋ ಅಳತೆ 5 ವರ್ಷಕ್ಕೆ 150 ಗಂಟೆ ಮುಂದುವರಿದ ಕಲಿಕೆ. ನರ್ಸುಗಳು ಇದನ್ನು ಸಿ.ಎನ್.ಇ. ಅಂತಾರೆ. ಕಾರ್ಯಾಗಾರ, ಸಮ್ಮೇಳನಗಳಿಂದ ಇದನ್ನು ಕೂಡಿಸಬೇಕು. ದುಡ್ಡು ಕಟ್ಟೋ ಮೊದಲು ಆ ಕಾರ್ಯಾಗಾರಕ್ಕೆ ಪರಿಷತ್ತಿನ ಮಾನ್ಯತೆ ಇದೆಯಾ ಅಂತ ನೋಡಿಕೊಳ್ಳೋದು ಒಳ್ಳೇದು.

ಆದರೆ ನಮಗೆ ಹೆಚ್ಚು ದಿನ ತಿಂದದ್ದು ಅದಲ್ಲ, ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಹಳೇ ರಿಜಿಸ್ಟ್ರೇಷನ್ನಿನಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಮೂರೂ ಒಬ್ಬಳೇ ಅಂತ ಒಪ್ಪಿಸೋಕೆ ಅಫಿಡವಿಟ್ ಮಾಡಿಸಬೇಕಾಯಿತು. ಇದನ್ನು ಓದುತ್ತಿರೋ ನಿಮ್ಮ ಮನೆಯಲ್ಲೂ ಒಬ್ಬರು ನರ್ಸಿಂಗ್ ಬಿಟ್ಟು ಕೂತಿದ್ದರೆ, ಅವರು ಕೆಲಸಕ್ಕೆ ಹೋಗಲಿ ಬಿಡಲಿ, ಈ ಮೂರು ಕಾಗದ ಒಂದು ಸಲ ಪಕ್ಕಪಕ್ಕ ಇಟ್ಟು ನೋಡಿ. ಸರ್ಕಾರಿ ನೇಮಕಾತಿ ಮನಸ್ಸಿನಲ್ಲಿದ್ದರೆ 371(ಜೆ) ಸರ್ಟಿಫಿಕೇಟೂ ಜೊತೆಗಿರಲಿ. ಅರ್ಜಿ ಕರೆದ ಮೇಲೆ ತಹಶೀಲ್ದಾರ್ ಕಚೇರಿಗೆ ಓಡೋದು ಎಷ್ಟು ಕಷ್ಟ ಅಂತ ಕಲ್ಯಾಣ ಕರ್ನಾಟಕದವರಿಗೆ ನಾನು ಹೇಳಬೇಕಿಲ್ಲ.

ನಮ್ಮ ಐ.ಟಿ. ಕಡೆ ಬ್ರೇಕ್ ತಗೊಂಡ ಹೆಣ್ಣುಮಕ್ಕಳನ್ನು ಮರಳಿ ಕರೆಯೋಕೆ ಅಂತಲೇ ಕಾರ್ಯಕ್ರಮಗಳಿವೆ. ಟಾಟಾ ಸಮೂಹ 2008ರಲ್ಲೇ ಅಂಥದ್ದೊಂದು ಶುರು ಮಾಡಿತ್ತು. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿ ಉಳಿಸಿಕೊಳ್ಳಬೇಕಾದರೆ 3 ವರ್ಷದಲ್ಲಿ 450 ಗಂಟೆ ಕೆಲಸ ಮಾಡಿರಬೇಕು. ನೋಂದಣಿ ತಪ್ಪಿಹೋದವರಿಗೆ ಮತ್ತೆ ಬರೋಕೆ ಅಲ್ಲಿ ಪ್ರತ್ಯೇಕ ಕೋರ್ಸೇ ಇದೆ: ಪಾಠ ಒಂದಿಷ್ಟು, ಒಬ್ಬರ ಕೈಕೆಳಗೆ ವಾರ್ಡಿನ ಕೆಲಸ ಒಂದಿಷ್ಟು. ನಮ್ಮಲ್ಲಿ 1947ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ತಂದಿದೆ. ಮುಂದೆ ಮರಳಿ ಬರುವವರಿಗೂ ಅದರಲ್ಲಿ ಒಂದು ದಾರಿ ಆಗಲಿ ಅಂತ ನನ್ನ ಆಸೆ. ಅಕ್ಕನ ಮಟ್ಟಿಗೆ ಕೋರ್ಸ್ ಅಂದರೆ ಯೂಟ್ಯೂಬು, ಹಳೇ ನೋಟ್ಸು, ಜೊತೆಗೆ ಓದಿದ ಗೆಳತಿಯರ ವಾಟ್ಸಾಪ್.

ಮರೆತದ್ದಕ್ಕಿಂತ ಬದಲಾದದ್ದು ಹೆಚ್ಚು

ಅಕ್ಕ ಹೆದರಿದ್ದು ಮರೆತುಹೋಗಿರಬಹುದು ಅಂತ. ಆದರೆ ಕೈ ಏನನ್ನೂ ಮರೆತಿರಲಿಲ್ಲ. ಕ್ಯಾನುಲಾ ಹಾಕೋಕೆ ನರ ಹುಡುಕೋದು, ಡ್ರಿಪ್ಪಿನ ಹನಿ ಎಣಿಸೋದು, ರೈಲ್ಸ್ ಟ್ಯೂಬ್ ಜಾಗದಲ್ಲಿದೆಯಾ ಅಂತ ಪರೀಕ್ಷೆ ಮಾಡೋದು ಎಲ್ಲಾ ಇತ್ತು. ಬದಲಾಗಿದ್ದು ಸುತ್ತಲಿನ ಲೋಕ.

ಅವಳು ಕೆಲಸ ಬಿಟ್ಟಾಗ ಎದೆ ಒತ್ತೋ ಲೆಕ್ಕ ‘ನಿಮಿಷಕ್ಕೆ ಕನಿಷ್ಠ 100’ ಅಂತ ಇತ್ತು. 2015ರ ಮಾರ್ಗಸೂಚಿಯಲ್ಲಿ ಅದು 100ರಿಂದ 120 ಆಯಿತು. ಅತಿ ಜೋರಾಗಿ ಒತ್ತೋದೂ ತಪ್ಪು ಅಂತ ಮಿತಿ ಬಂತು: 5ರಿಂದ 6 ಸೆಂಟಿಮೀಟರ್ ಆಳ. ಕಸದ ಬುಟ್ಟಿಯ ಬಣ್ಣಗಳೂ ಹಳೇವಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ. ರಕ್ತ ತಾಗಿದ ಹತ್ತಿ ಹಳದಿಗೆ, ಪ್ಲಾಸ್ಟಿಕ್ ಟ್ಯೂಬು ಕೆಂಪಿಗೆ, ಸೂಜಿ ಬಿಳಿಗೆ, ಗಾಜು ನೀಲಿಗೆ. ಲಸಿಕೆಯ ಪಟ್ಟಿಯಂತೂ ಗುರುತೇ ಸಿಗದಷ್ಟು ಬೆಳೆದಿತ್ತು. ಗರ್ಭಿಣಿಯರಿಗೆ ಕೊಡುತ್ತಿದ್ದ ಟಿ.ಟಿ. ಹೋಗಿ ಟಿ.ಡಿ. ಬಂದಿತ್ತು. ಮಕ್ಕಳಿಗೆ ರೋಟಾವೈರಸ್ ಹನಿ, ನ್ಯುಮೊಕಾಕಲ್ ಲಸಿಕೆ, ದಡಾರ-ರುಬೆಲ್ಲಾ ಸೇರಿದ್ದವು. ತಮಾಷೆ ಅಂದರೆ ಇದೆಲ್ಲಾ ಅವಳಿಗೆ ಅರ್ಧ ಗೊತ್ತಿತ್ತು, ತನ್ನ ಮಕ್ಕಳ ತಾಯಿ ಕಾರ್ಡಿನಿಂದ.

ಸಂದರ್ಶನದಲ್ಲಿ ಎಲ್ಲಾ ಕಡೆ ಒಂದೇ ಪ್ರಶ್ನೆ: ‘ಒಂಬತ್ತು ವರ್ಷ ಏನು ಮಾಡಿದ್ರಿ?’ ಮೊದಲ ಎರಡು ಸಲ ಅಕ್ಕ ‘ಮನೀಯಾಗ ಇದ್ದೆರಿ’ ಅಂದಳು. ನಾನು ರೆಸ್ಯೂಮೆ ಬರೆಯುವಾಗ ಕೂರಿಸಿಕೊಂಡು ಕೇಳಿದೆ. ಲಕ್ವಾ ಹೊಡೆದ ಅತ್ತೆಯನ್ನು ಎರಡು ವರ್ಷ ಎರಡೆರಡು ಗಂಟೆಗೆ ಮಗ್ಗಲು ಬದಲಿಸಿ ನೋಡಿಕೊಂಡಿದ್ದಾಳೆ. ಟ್ಯೂಬಿನಲ್ಲಿ ಊಟ, ಕ್ಯಾಥೆಟರ್, ಶುಗರ್ ಎಲ್ಲಾ ಅವಳೇ. ಎರಡು ವರ್ಷದಲ್ಲಿ ಒಂದೂ ಬೆಡ್‌ಸೋರ್ ಆಗಲಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಇದರ ಬೆಲೆ ಗೊತ್ತು. ‘ದೀರ್ಘಕಾಲದ ರೋಗಿಯ ಗೃಹ ಶುಶ್ರೂಷೆ, 2 ವರ್ಷ’ ಅಂತ ರೆಸ್ಯೂಮೆಯಲ್ಲಿ ಒಂದು ಸಾಲು ಹಾಕಿದೆ. ಅದು ಸುಳ್ಳಲ್ಲ, ಉತ್ಪ್ರೇಕ್ಷೆಯೂ ಅಲ್ಲ.

ಮೂರು ವಾರದ ಐ.ಸಿ.ಯು.

ಹತ್ತಿರದ ಒಂದು ಖಾಸಗಿ ಆಸ್ಪತ್ರೆಯ ಐ.ಸಿ.ಯು.ನಲ್ಲಿ ಕೆಲಸ ಸಿಕ್ಕಿತು. ಮೂರು ವಾರಕ್ಕೆ ಬಿಟ್ಟಳು. ರಾತ್ರಿ ಪಾಳಿ ಒಂದು ಕಾರಣ ಹೌದು. ತಿಂಗಳಿಗೆ ಹನ್ನೆರಡು ರಾತ್ರಿ, ಸಂಬಳ ಹೊಸದಾಗಿ ಪಾಸಾಗಿ ಬಂದ ಹುಡುಗಿಯರಷ್ಟೇ. ಆದರೆ ಅವಳು ಹೇಳಿದ ಕಾರಣ ಬೇರೆ. ‘ಅಲ್ಲಿ ಪೇಷಂಟ್ ಮಾತಾಡಂಗಿಲ್ಲ. ಮೊದಲ ನನಗ ಅದ ಹಿಡಿಸ್ತಿತ್ತು, ಮಾನಿಟರ್ ನೋಡಿದ್ರ ಸಾಕು. ಈಗ ಮಂದಿ ಕೂಡ ಮಾತಾಡಿ ರೂಢಿ ಆಗೇತಿ.’

ಇಪ್ಪತ್ತೆರಡನೇ ವಯಸ್ಸಿನಲ್ಲಿ ಐ.ಸಿ.ಯು. ಇಷ್ಟಪಟ್ಟವಳೂ ಮೂವತ್ತೈದು ದಾಟಿದವಳೂ ಒಬ್ಬಳೇ ಅಂತ ನಾವು ಯಾಕೆ ಅಂದುಕೊಳ್ಳಬೇಕು? ನಮ್ಮ ಕೆಲಸದಲ್ಲೂ ಇದು ನಡೆಯುತ್ತೆ. ಹತ್ತು ವರ್ಷದ ಹಿಂದೆ ಕೋಡ್ ಬರೆಯುತ್ತಿದ್ದವರು ವಾಪಸ್ ಬಂದಾಗ ಟೆಸ್ಟಿಂಗೋ ಸಪೋರ್ಟೋ ಆರಿಸಿಕೊಂಡರೆ ‘ಕೆಳಗೆ ಇಳಿದರು’ ಅಂತ ಹಿಂದೆ ಮಾತಾಡುತ್ತಾರೆ. ಐ.ಸಿ.ಯು. ಬಿಟ್ಟಾಗ ಅಕ್ಕನಿಗೂ ಅದೇ ಮಾತು ಬಂತು.

ಡಯಾಲಿಸಿಸ್ ಅವಳ ಯೋಜನೆಯಲ್ಲೇ ಇರಲಿಲ್ಲ. ಮಸ್ಕಿಯಲ್ಲಿ ಅವರ ಓಣಿಯ ಒಬ್ಬ ಹಿರಿಯರು ವಾರಕ್ಕೆ ಎರಡು ಸಲ ಸಿಂಧನೂರಿಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಮಗ ಊರಿಗೆ ಇಲ್ಲದ ಒಂದು ದಿನ ‘ನರ್ಸ್ ಅದಾಳಲ್ಲ’ ಅಂತ ಅಕ್ಕನನ್ನು ಜೊತೆಗೆ ಕಳಿಸಿದರು. ಒಂದು ಸಲದ ಡಯಾಲಿಸಿಸ್ ಅಂದರೆ 4 ಗಂಟೆ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಮೂರನೇ ಗಂಟೆಯಲ್ಲಿ ಎದುರಿನ ಬೆಡ್ಡಿನ ರೋಗಿ ಎರಡು ಸಲ ಆಕಳಿಸಿದರು, ಹಣೆ ಒದ್ದೆಯಾಯಿತು. ಅಕ್ಕ ಎದ್ದು ಹೋಗಿ ಟೆಕ್ನಿಷಿಯನ್‌ಗೆ ಹೇಳಿದಳು. ನೋಡಿದರೆ ಬಿ.ಪಿ. ಇಳಿಯುತ್ತಿತ್ತು. ಯಂತ್ರದ ಬಿ.ಪಿ. ಪಟ್ಟಿ ಅರ್ಧ ಗಂಟೆಗೊಮ್ಮೆ ಮಾತ್ರ ಉಬ್ಬುತ್ತಿತ್ತು, ಆಕಳಿಕೆ ಅದಕ್ಕಿಂತ ಮೊದಲು ಬಂದಿತ್ತು. ‘ಎಲ್ಲಿ ಕೆಲಸ ಮಾಡ್ತೀರಿ ಸಿಸ್ಟರ್?’ ಅಂತ ಅಲ್ಲಿಯ ಇನ್‌ಚಾರ್ಜ್ ಕೇಳಿದರು. ಎರಡು ವಾರ ಸುಮ್ಮನೆ ಬಂದು ನೋಡೋಕೆ ಒಪ್ಪಿಗೆ ಸಿಕ್ಕಿತು, ಆಮೇಲೆ ಕೆಲಸ.

ಹತ್ತು ವರ್ಷದ ಹಿಂದಾಗಿದ್ದರೆ ಈ ಊರುಗಳಲ್ಲಿ ಇಂಥ ಕೆಲಸ ಇದೆ ಅಂತ ಯಾರೂ ಹೇಳುತ್ತಿರಲಿಲ್ಲ. 2016ರಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಯಿತು. ಕರ್ನಾಟಕದಲ್ಲಿ ಯಂತ್ರಗಳು ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದವು. ಇಲ್ಲಿಂದ ರಾಯಚೂರಿಗೆ 80-90 ಕಿ.ಮೀ. ವಾರಕ್ಕೆ ಎರಡು-ಮೂರು ಸಲ ಅಷ್ಟು ದೂರ ಹೋಗಿ ಬರೋದು ಕೂಲಿ ಮಾಡೋರಿಗೆ ಆಗದ ಮಾತು. ಯಂತ್ರ ಹತ್ತಿರ ಬಂದಲ್ಲೆಲ್ಲಾ ಅದರ ಪಕ್ಕ ನಿಲ್ಲೋ ನರ್ಸೂ ಬೇಕು.

ಹೊರಗಿನಿಂದ ನೋಡಿದರೆ ಇದು ಯಂತ್ರದ ಕೆಲಸ. ಯಂತ್ರ ಇದೆ, ಸುಮ್ಮನಲ್ಲ. ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು, ಆರ್.ಓ. ಕೈಕೊಟ್ಟರೆ ಇಡೀ ಯೂನಿಟ್ ನಿಲ್ಲುತ್ತೆ. ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಹಣ್ಣಾಗೋಕೆ ಆರು ವಾರವೋ ಇನ್ನೂ ಹೆಚ್ಚೋ ಬೇಕು. ಅದರ ಮೇಲೆ ಬೆರಳಿಟ್ಟರೆ ಜುಂ ಅನ್ನಬೇಕು. ಆ ಜುಂ ಇಲ್ಲ ಅಂದರೆ ಅದು ಮುಚ್ಚಿಕೊಂಡಿರಬಹುದು, ತಕ್ಷಣ ಡಾಕ್ಟರಿಗೆ ಹೇಳಬೇಕು. ಆ ಕೈಯಲ್ಲಿ ಬಿ.ಪಿ. ನೋಡುವಂತಿಲ್ಲ, ರಕ್ತ ತೆಗೆಯುವಂತಿಲ್ಲ, ಭಾರ ಹೊರುವಂತಿಲ್ಲ. ಭತ್ತದ ಚೀಲ ಹೊತ್ತೇ ಬದುಕಿದವರಿಗೆ ಈ ಕೊನೆಯ ಮಾತು ಹೇಳೋದು ಸುಲಭ ಅಲ್ಲ.

ಆದರೆ ಅಕ್ಕನ ಕೆಲಸದ ಮುಕ್ಕಾಲು ಪಾಲು ಮಾತು. ಡಯಾಲಿಸಿಸ್ ರೋಗಿಗೆ ಮೂತ್ರ ಕಡಿಮೆ, ಕುಡಿದ ನೀರು ಮೈಯಲ್ಲೇ ನಿಲ್ಲುತ್ತೆ. ಬಂದ ಕೂಡಲೇ ತೂಕ ನೋಡುತ್ತಾರೆ. ಹೋದ ಸಲ ಮುಗಿದಾಗ ಇದ್ದದ್ದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರು ತೆಗೆಯಬೇಕು. ನಾಲ್ಕೈದು ಕೆ.ಜಿ. ಏರಿಸಿಕೊಂಡು ಬಂದರೆ 4 ಗಂಟೆಯಲ್ಲಿ ಅದನ್ನು ಎಳೆಯೋ ಹೊತ್ತಿಗೆ ಬಿ.ಪಿ. ಬೀಳುತ್ತೆ, ಕಾಲು ಸೆಟೆಯುತ್ತೆ. ರಾಯಚೂರು ಜಿಲ್ಲೆಯ ಏಪ್ರಿಲ್-ಮೇ ಬಿಸಿಲಿನಲ್ಲಿ 40 ಡಿಗ್ರಿ ದಾಟಿದಾಗ ಯಾರಿಗಾದರೂ ‘ನೀರು ಕುಡೀಬ್ಯಾಡ್ರಿ’ ಅಂತ ಹೇಳಿ ನೋಡಿ.

‘ನೀರು ಕಡಿಮಿ ಮಾಡ್ರಿ ಅಂದ್ರ ಯಾರೂ ಕೇಳಂಗಿಲ್ಲ,’ ಅಂತಾಳೆ ಅಕ್ಕ. ‘ಉಪ್ಪು ಕಡಿಮಿ ಮಾಡ್ರಿ ಅಂತೀನಿ. ರೊಟ್ಟಿ ಜೋಡಿ ಉಪ್ಪಿನಕಾಯಿ ಬಿಟ್ರ ನೀರಡಿಕಿ ತಾನ ಕಡಿಮಿ ಆಗತೈತಿ.’ ಅಳತೆಯ ಬಾಟಲಿ ಒಂದನ್ನು ಕೊಟ್ಟು ಇಡೀ ದಿನಕ್ಕೆ ಇಷ್ಟೇ ಅಂತಾಳೆ, ಬಾಯಿ ಒಣಗಿದರೆ ಐಸ್ ಚೂರು ಅಂತಾಳೆ. ಎಳನೀರು ತಂಪು ಅಂತ ಪ್ರೀತಿಯಿಂದ ಕುಡಿಸೋ ಮನೆಯವರನ್ನು ಹೊರಗೆ ಕರೆದು ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಹೋದವರಿಗೆ ಎದೆಬಡಿತವನ್ನೇ ಏರುಪೇರು ಮಾಡಬಹುದು ಅಂತ ತಿಳಿಸುತ್ತಾಳೆ. ಅತ್ತೆಗೆ ಎರಡು ವರ್ಷ ಶುಗರ್ ಊಟ ಉಣ್ಣಿಸಿ, ಹಟ ಮಾಡಿಸಿಕೊಂಡು, ಬೈಸಿಕೊಂಡು ಕಲಿತ ವಿದ್ಯೆ ಇದು. ನರ್ಸಿಂಗ್ ಕಾಲೇಜಿನಲ್ಲೂ ಐ.ಸಿ.ಯು.ನಲ್ಲೂ ಇದನ್ನು ಕಲಿಸಿರಲಿಲ್ಲ.

ಇನ್ನೊಂದು ಮಗ್ಗಲೂ ಇದೆ. ಅದೇ ಮುಖಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಒಂದು ಸೋಮವಾರ ಒಂದು ಬೆಡ್ ಖಾಲಿ ಇರುತ್ತೆ. ಓಣಿಯ ಆ ಹಿರಿಯರು ಕಳೆದ ವರ್ಷ ಹೋದರು. ಆ ವಾರ ಅಕ್ಕ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಐ.ಸಿ.ಯು.ನಲ್ಲಿ ಸಾವು ಹೆಚ್ಚು, ಆದರೆ ಅಲ್ಲಿ ಯಾರೂ ನಿನ್ನ ಮಕ್ಕಳ ಪರೀಕ್ಷೆ ಹೇಗಾಯಿತು ಅಂತ ಕೇಳಿರುವುದಿಲ್ಲ.

ಇದೇ ರಸ್ತೆಯ ಬೇರೆ ಬಾಗಿಲುಗಳು

ಡಯಾಲಿಸಿಸ್ ಎಲ್ಲರಿಗೂ ಅಲ್ಲ. ಅಕ್ಕನ ಜೊತೆಗೆ ಓದಿದ ಒಬ್ಬರು ಲಿಂಗಸುಗೂರಿನಲ್ಲಿದ್ದಾರೆ. ಮೊದಲು ಆಪರೇಷನ್ ಥಿಯೇಟರಿನಲ್ಲಿದ್ದವರು, ಏಳು ವರ್ಷ ಬಿಟ್ಟು ಈಗ ಕ್ಯಾಜುವಾಲ್ಟಿಯಲ್ಲಿ ಮಾಡುತ್ತಿದ್ದಾರೆ. ಹೊಲದ ಸೀಮೆಯಲ್ಲಿ ಕ್ಯಾಜುವಾಲ್ಟಿ ಅಂದರೆ ಹಾವು ಮತ್ತು ಎಣ್ಣೆ. (ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅಂತಲೇ ಅನ್ನೋದು.) ಹಾವು ಕಡಿದು ಬಂದವರ ರಕ್ತ 2 ಮಿಲಿ ತೆಗೆದು, ಒಣಗಿದ ಗಾಜಿನ ಟ್ಯೂಬಿನಲ್ಲಿ ಅಲುಗಾಡಿಸದೆ 20 ನಿಮಿಷ ಇಡಬೇಕು. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಏರಿದೆ ಅಂತ. ಲ್ಯಾಬ್ ಇಲ್ಲದ ರಾತ್ರಿಯಲ್ಲೂ ನರ್ಸ್ ಮಾಡಬಹುದಾದ ಪರೀಕ್ಷೆ ಇದು, ಗಡಿಯಾರ ನೋಡೋ ತಾಳ್ಮೆ ಒಂದಿದ್ದರೆ ಸಾಕು. ಎಣ್ಣೆ ಕುಡಿದವರಿಗೆ ಅಟ್ರೊಪಿನ್ ಮತ್ತೆ ಮತ್ತೆ ಕೊಡುತ್ತಾ ಎದೆಯ ಕಫ, ನಾಡಿ, ಕಣ್ಣಿನ ಪಾಪೆ ನೋಡುತ್ತಾ ಕೂರಬೇಕು. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಸರ್ಕಾರಕ್ಕೆ ವರದಿ ಮಾಡಬೇಕು, ಆ ಬರವಣಿಗೆಯೂ ಇವರದ್ದೇ. ಅವರು ನಗುತ್ತಾ ಹೇಳಿದ್ದು: ‘ಮನೀಗಿಂತ ಇಲ್ಲೇ ಗದ್ದಲ ಕಡಿಮಿ.’

ರಾತ್ರಿ ಪಾಳಿ ಸಾಧ್ಯವೇ ಇಲ್ಲ ಅನ್ನೋರಿಗೆ ಹಗಲಿನ ಕೆಲಸವೂ ಇದೆ. ಪಟ್ಟಣಗಳ ನಮ್ಮ ಕ್ಲಿನಿಕ್‌ಗಳಿಗೆ ಸ್ಟಾಫ್ ನರ್ಸ್ ಬೇಕು, ಅವು ತೆರೆದಿರೋದು ಬೆಳಗ್ಗೆ 9ರಿಂದ ಸಂಜೆ ನಾಲ್ಕೂವರೆಗೆ. ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ಹುದ್ದೆ. ಇದಕ್ಕೆ ಸಮುದಾಯ ಆರೋಗ್ಯದ 6 ತಿಂಗಳ ಸರ್ಟಿಫಿಕೇಟ್ ಬೇಕು, ಇಲ್ಲವೇ ಅದು ಸೇರಿಕೊಂಡಿರೋ ಹೊಸ ಬಿ.ಎಸ್ಸಿ. ಪಠ್ಯ ಓದಿರಬೇಕು. ಮಸ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ ಹೀಗೆ ಸೇರಿದವರೊಬ್ಬರ ದಿನ ನೋಡಿದೆ. ಶುಗರ್, ಬಿ.ಪಿ., ಇ-ಸಂಜೀವಿನಿಯಲ್ಲಿ ಡಾಕ್ಟರ ಜೊತೆ ವಿಡಿಯೋ ಮಾತು, ಮಧ್ಯಾಹ್ನ ಮನೆ ಭೇಟಿ. ವಾರ್ಡಿನ ಓಡಾಟ ಇಲ್ಲ, ಆದರೆ ನಿರ್ಧಾರ ಒಬ್ಬರೇ ತಗೋಬೇಕು. ಅದು ಕೆಲವರಿಗೆ ಹೆದರಿಕೆ, ಕೆಲವರಿಗೆ ಖುಷಿ.

ಓದೋ ಮನಸ್ಸಿದ್ದರೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ: ತುರ್ತು ಚಿಕಿತ್ಸೆ, ನವಜಾತ ಶಿಶು, ಕಿಡ್ನಿ, ಕ್ಯಾನ್ಸರ್, ಮನೋರೋಗ, ವೃದ್ಧರ ಆರೈಕೆ, ಹೀಗೆ. ಒಳ್ಳೆಯವೇ. ಆದರೆ ಮೊದಲು ಆ ವಾರ್ಡಿನಲ್ಲಿ ಹದಿನೈದು ದಿನ ನಿಂತು ನೋಡಿ, ಆಮೇಲೆ ಫೀಸು ಕಟ್ಟಿ ಅಂತ ನಾನಂತೂ ಹೇಳುತ್ತೇನೆ. ಮೂರು ವಾರದಲ್ಲಿ ಐ.ಸಿ.ಯು. ಬೇಡ ಅಂತ ಗೊತ್ತಾದದ್ದು ಅಕ್ಕನಿಗೆ ಅಗ್ಗಕ್ಕೆ ಸಿಕ್ಕಿದ ಪಾಠ.

ಸಂಬಳದ ವಿಷಯ ಮುಚ್ಚಿಡೋದಿಲ್ಲ. ಬೆಂಗಳೂರಿನಲ್ಲಿ ಅವಳ ಜೊತೆ ಇದ್ದು ಬಿಡದೆ ಮುಂದುವರಿದವರಿಗೆ ಇವತ್ತು ಬರೋದು ಇವಳ ಎರಡು ಪಟ್ಟಿಗೂ ಹೆಚ್ಚು. ಒಂಬತ್ತು ವರ್ಷದ ಹಿರಿತನ ಯಾರೂ ವಾಪಸ್ ಕೊಡೋದಿಲ್ಲ. ಮೊದಲ ಪಾಳಿ ಬೆಳಗ್ಗೆ 7ಕ್ಕೆ. ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಮಕ್ಕಳ ಡಬ್ಬಿ ಕಟ್ಟಿ ಶಾಲೆಗೆ ಬಿಡೋದು ಈಗ ಮಾವನ ಕೆಲಸ, ಅಂಗಡಿ ತೆರೆಯೋದು ಹತ್ತಕ್ಕೆ. ಮೊದಲ ತಿಂಗಳು ಉಪ್ಪಿಟ್ಟು ಬಿಟ್ಟು ಬೇರೆ ಏನೂ ಡಬ್ಬಿಗೆ ಹೋಗಿಲ್ಲ ಅಂತ ಮಕ್ಕಳ ದೂರು.

ಕಳೆದ ತಿಂಗಳು ಲಿಂಗಸುಗೂರು ಕಡೆಯ ಒಬ್ಬರು ಯೂನಿಟ್ ನೋಡೋಕೆ ಬಂದಿದ್ದರಂತೆ. ಹನ್ನೆರಡು ವರ್ಷ ಕೆಲಸ ಬಿಟ್ಟವರು. ಅಕ್ಕ ಅವರನ್ನು ನಾಲ್ಕೂ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡಳು. ಹೊರಡುವಾಗ ಅವರು ಹೇಳಿದರು: ‘ಅಕ್ಕಾ, ನನಗ ಇದು ಆಗಂಗಿಲ್ಲ ನೋಡ್ರಿ, ವಾರಾ ಅವರ ಮುಖ ನೋಡಾಕ. ನನಗ ಹೆರಿಗೆ ವಾರ್ಡ್ ಚಲೋ, ಕೂಸು ಅತ್ತ ಮ್ಯಾಲ ಅವರು ಮನೀಗೆ, ನಾನು ಮನೀಗೆ.’ ಅಕ್ಕ ತನ್ನ ಫೋನಿನಿಂದ ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ನಂಬರ್ ಹುಡುಕಿ ಕೊಟ್ಟಳು.